ಭಾರ ಹೊರದ ಮೂಳೆ

ಬೆನ್ನುನೋವಿಗೆ ಮದ್ದು ಕೇಳಿ ಬಂದ ಹುಲಿಗೆಪ್ಪನ ಸೊಂಟದೊಳಗೆ, ಅವನಿಗೆ ಹೇಳದೆ, ಬೇರೊಬ್ಬರ ಕಾಲಿಗೆ ಬೇಕಾದ ಮೂಳೆಯನ್ನು ಬೆಳೆಯಲು ಇಟ್ಟರು. ಹೊಲಿಗೆ ಹಾಕಿದರು. ನೋವಿನ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು.

ಇಟ್ಟವರು ‘ನವಾಸ್ಥಿ’ ಎಂಬ ಕಂಪನಿಯವರು. ಸಿಂಧನೂರಿನ ಗಂಜಿನಲ್ಲಿ, ಭತ್ತದ ಮಾರುಕಟ್ಟೆಯಲ್ಲಿ, ಶಾಮಿಯಾನ ಹಾಕಿ, ಹಮಾಲರಿಗೆ ಉಚಿತ ಬೆನ್ನು ತಪಾಸಣೆ ಎಂದು ಬ್ಯಾನರ್ ಕಟ್ಟಿದ್ದರು. ಬಂದವರಿಗೆಲ್ಲ ಬಾಳೆಹಣ್ಣು, ಬಿಸ್ಕತ್ತು. ಭತ್ತದ ಚೀಲ ಹೊತ್ತೂ ಹೊತ್ತೂ ಬೆನ್ನು ಬಾಗಿದ ಗಂಡಸರು ಸಾಲು ನಿಂತರು. ಹುಲಿಗೆಪ್ಪನ ಸರದಿ ಬಂದಾಗ ಡಾಕ್ಟರು ಅವನ ಸೊಂಟದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಗಟ್ಟಿಯಾದ ಮೂಳೆಯನ್ನು ಅವರು ಪುಸ್ತಕದಲ್ಲೂ ಕಂಡಿರಲಿಲ್ಲ. ಆದರೆ ಬಾಯಲ್ಲಿ ಹೇಳಿದ್ದು, “ಸೊಂಟ ಸವದದ. ಒಳಗೊಂದು ಪಟ್ಟಿ ಹಾಕಬೇಕಾಗ್ತದ. ಪುಕ್ಕಟೆ ಮಾಡಿಕೊಡ್ತೀವಿ.” ಆವತ್ತೇ ಒಂದು ದಪ್ಪ ಸೂಜಿಯಿಂದ ಪರೀಕ್ಷೆಗೆಂದು ಏನನ್ನೋ ಎಳೆದುಕೊಂಡರು. ರಕ್ತ ಎಂದುಕೊಂಡ ಹುಲಿಗೆಪ್ಪ. ಅದು ಮಜ್ಜೆ.

ಅವನಿಗೆ ಯಾರೂ ಹೇಳದೆ ಹೋದದ್ದನ್ನು ಇಲ್ಲಾದರೂ ಹೇಳಬೇಕು. ಮೂಳೆಯೊಳಗಿನ ಮಜ್ಜೆಯಲ್ಲಿ ಇನ್ನೂ ಏನೂ ಆಗದೆ ಕಾದು ಕೂತ ಕೋಶಗಳಿರುತ್ತವೆ. ಕಾಂಡಕೋಶ ಎನ್ನುತ್ತಾರೆ. ಅವು ಮೂಳೆಯಾಗಬಹುದು, ಕೀಲಿನ ಮೆತ್ತೆಯಾಗಬಹುದು, ಬರೀ ಕೊಬ್ಬೂ ಆಗಬಹುದು. ಸುತ್ತಲಿನ ಜಾಗ ಹೇಗಿದೆಯೋ ಹಾಗೆ. ಹಾಗಾಗಿ ವಿಜ್ಞಾನಿಗಳು ಅವಕ್ಕೆ ಜಾಗ ಕಟ್ಟಿಕೊಡಲು ಕಲಿತರು. ರೇಷ್ಮೆಯ ಸಾರವನ್ನು ಸುಣ್ಣದ ಲವಣದೊಂದಿಗೆ ಬೆರೆಸಿ, ಸ್ಪಂಜಿನಂತೆ ಮೈತುಂಬ ತೂತುಗಳಿರುವ ಒಂದು ಚೌಕಟ್ಟು ಮಾಡುವುದು. ಬೇಕಾದ ಮೂಳೆಯ ಆಕಾರಕ್ಕೆ ಅದನ್ನು ಕೆತ್ತುವುದು. ಅದರ ತೂತುಗಳಲ್ಲಿ ಕೋಶಗಳನ್ನು ಕೂರಿಸುವುದು. ಬೆಚ್ಚಗಿನ ಜಾಡಿಯಲ್ಲಿ, ಪೋಷಕ ದ್ರವದಲ್ಲಿ, ಕೋಶಗಳು ಒಂದು ಹತ್ತಾಗಿ ಹತ್ತು ಸಾವಿರವಾಗಿ ಚೌಕಟ್ಟನ್ನೆಲ್ಲ ತುಂಬುತ್ತವೆ. ಚೌಕಟ್ಟು ನಿಧಾನವಾಗಿ ಕರಗುತ್ತದೆ. ಅದಿದ್ದ ಜಾಗದಲ್ಲಿ ಮೂಳೆ ಉಳಿಯುತ್ತದೆ.

ಉಳಿಯುತ್ತದೆ, ಆದರೆ ಸೀಮೆಸುಣ್ಣದ ಹಾಗೆ. ಜಾಡಿಯಲ್ಲಿ ಸುಖವಾಗಿ ಬೆಳೆದ ಮೂಳೆ ಒಂದು ತುಳಿತಕ್ಕೆ ಪುಡಿ. ಯಾಕೆಂದರೆ ಮೂಳೆ ಗಟ್ಟಿಯಾಗುವುದು ಭಾರ ಬಿದ್ದಾಗ ಮಾತ್ರ. ಎಲ್ಲಿ ಒತ್ತಡ ಬೀಳುತ್ತದೋ ಅಲ್ಲಿ ಕೋಶಗಳು ಎಳೆ ಎಳೆಯಾಗಿ ಗೋಡೆ ಕಟ್ಟುತ್ತವೆ. ಜಾಡಿಗಳನ್ನು ಕುಲುಕುವ, ಒತ್ತುವ, ತಿರುಚುವ ಯಂತ್ರಗಳೆಲ್ಲ ಸೋತವು. ಆಗ ನವಾಸ್ಥಿಯಲ್ಲಿ ಯಾರೋ ಒಬ್ಬರಿಗೆ ಹೊಳೆಯಿತು. ಯಂತ್ರ ಯಾಕೆ? ಬೆಳಗಿನಿಂದ ಸಂಜೆಯವರೆಗೆ ಭಾರ ಹೊರುವ ಮೈಗಳು ಊರ ತುಂಬ ಇವೆಯಲ್ಲ. ಅವರದೇ ಮಜ್ಜೆಯಿಂದ ಜಾಡಿಯಲ್ಲಿ ಮೊಳೆತದ್ದನ್ನು ಅವರ ಸೊಂಟದ ಮೂಳೆಗೆ ಸ್ಕ್ರೂ ಹಾಕಿ ಕೂರಿಸಿದರೆ, ಹೊಟ್ಟೆಪಾಡಿಗೆ ಅವರು ಹೊತ್ತ ಭಾರವೆಲ್ಲ ಅದರ ಮೂಲಕವೇ ಹಾದುಹೋಗುತ್ತದೆ. ಬಲಿತ ಮೇಲೆ ಬಿಚ್ಚಿಕೊಂಡರಾಯಿತು.

ಇದು ಹೊಳೆದ ದಿನ ಕಂಪನಿಯಲ್ಲಿ ಕೇಕ್ ಕತ್ತರಿಸಿದರು.

ರಾಯಚೂರು ರಸ್ತೆಯಲ್ಲಿ ಗಾಜು ಹೊದ್ದು ನಿಂತ ಕಟ್ಟಡದ ಎರಡನೆಯ ಮಹಡಿಯಲ್ಲಿ ನೀಲಾವತಿಯ ಕೆಲಸ. ಸಿಂಧನೂರಿನಲ್ಲೇ ಬಿಎಸ್ಸಿ ಓದಿದವಳು. ಅವಳ ತಾಯಿ ಭತ್ತದ ಮಿಲ್ಲಿನಲ್ಲಿ ತೌಡು ಜರಡಿ ಹಿಡಿದು ಓದಿಸಿದ್ದಳು. ಚೌಕಟ್ಟಿನೊಳಗೆ ಕೂದಲಿನಂಥ ಒಂದು ತಂತಿ ಇರುತ್ತದೆ. ಮೈಮೇಲೆ ಎಷ್ಟು ಭಾರ ಬಿತ್ತು ಎಂಬುದನ್ನು ಅದು ಅವಳ ಪರದೆಗೆ ಗೆರೆಯಾಗಿ ಕಳಿಸುತ್ತದೆ. ಪರದೆಯಲ್ಲಿ ಹೆಸರುಗಳಿರಲಿಲ್ಲ. ತಾಣ ಒಂದು, ತಾಣ ಎರಡು ಎಂದಿತ್ತು. ಇಟ್ಟಿಗೆ ಭಟ್ಟಿಯವನು, ಕಲ್ಲು ಕ್ವಾರಿಯವಳು, ಸೆಂಟ್ರಿಂಗ್ ಕೆಲಸದವನು, ಎಲ್ಲರ ಗೆರೆಯೂ ಹಗಲೆಲ್ಲ ಮೇಲೆದ್ದು ಬೀಳುತ್ತಿತ್ತು. ಹೊಲಿಗೆ ಒಣಗುವ ಮೊದಲೇ ಅವರೆಲ್ಲ ಕೆಲಸಕ್ಕೆ ಇಳಿದಿದ್ದರು. ಇಳಿಯದಿದ್ದರೆ ಉಣ್ಣುವುದೇನು? ಕಂಪನಿಯ ಲೆಕ್ಕಾಚಾರವೂ ಅದೇ ಆಗಿತ್ತು. ಹಸಿವನ್ನೂ ಅವರು ಒಂದು ಉಪಕರಣವೆಂದು ಎಣಿಸಿದ್ದರು.

ತಾಣ ನಾಲ್ಕು ಮಾತ್ರ ಹೆಚ್ಚುಕಡಿಮೆ ಸಪಾಟಾಗಿ ಮಲಗಿತ್ತು.

“ಸತ್ತಾನೇನು?” ಎಂದು ಕೇಳಿದರು ಡಾಕ್ಟರ್ ಸುಜಯೀಂದ್ರ. ಶಾಮಿಯಾನದಲ್ಲಿ ಎಕ್ಸ್‌ರೇ ಹಿಡಿದು ನೋಡಿದವರು ಇವರೇ.

“ಇಲ್ಲ ಸರ್. ನಡೀತಾನ, ಕೂಡ್ತಾನ. ಹೊರಾಕತ್ತಿಲ್ಲ ಅಷ್ಟ.”

“ಹಮಾಲ ಅಲ್ಲೇನು ಅವ? ಹೊರದ ಏನ್ ತಿಂತಾನ?”

ನೀಲಾವತಿ ಹಿಂದಿನ ದಿನಗಳ ಗೆರೆಯನ್ನೂ ಪರದೆಗೆ ತಂದು ತೋರಿಸಿದಳು.

“ನಾಲ್ಕನೇದು ಆ ಹುಡುಗಿ ಕಾಲಿಗೆ,” ಎಂದರು ಡಾಕ್ಟರು ಕನ್ನಡಕ ಒರೆಸುತ್ತಾ. “ಹನ್ನೆರಡು ವರ್ಷದ್ದು. ತೊಡಿ ಮೂಳ್ಯಾಗ ಗಡ್ಡಿ ಆಗಿತ್ತು, ಕತ್ತರಿಸಿ ತಗದು ಉಕ್ಕಿನ ಸರಳ ಹಾಕಿ ಇಟ್ಟಾರ. ಇದು ಬಲೀಲಿಲ್ಲಂದ್ರ ಕಾಲು ಹೋಗ್ತದ. ಗಂಜಿಗೆ ಹೋಗಿ ಹೇಳು ಆ ಹುಲಿಗೆಪ್ಪಂಗ, ಚೀಲ ಹೊರಬೇಕಂತ. ವ್ಯಾಯಾಮ ಅನ್ನು. ಡಾಕ್ಟ್ರು ಹೇಳ್ಯಾರ ಅನ್ನು.”

ಹೊರಡುವ ಮೊದಲು ಅವಳಿಗೆ ಕೆಳಮಹಡಿಯ ತೊಳೆಯುವ ಕೋಣೆಯಲ್ಲಿ ಸ್ವಲ್ಪ ಕೆಲಸವಿತ್ತು. ಬಲಿತು ಬಂದ ಮೂಳೆಯನ್ನು ಹಾಗೇ ಕೂರಿಸಲಾಗದು. ಹೊತ್ತವನ ಕೋಶಗಳು ಅದರಲ್ಲಿರುತ್ತವೆ, ಪಡೆದವನ ಮೈ ಒಪ್ಪುವುದಿಲ್ಲ. ಅದಕ್ಕೆ ದ್ರಾವಣಗಳಲ್ಲಿ ಅದ್ದಿ ಹೊತ್ತವನ ಕುರುಹನ್ನೆಲ್ಲ ತೊಳೆದು, ಬರೀ ಗಟ್ಟಿ ಬಲೆಯನ್ನು ಉಳಿಸಿ, ಪಡೆಯುವವನದೇ ಕೋಶಗಳನ್ನು ಅದರಲ್ಲಿ ತುಂಬುತ್ತಾರೆ. ಇದಕ್ಕೆ ಎರಡು ತೊಳೆತ ಸಾಕು. ನವಾಸ್ಥಿಯಲ್ಲಿ ಏಳು ತೊಳೆಯುತ್ತಾರೆ. ಉಳಿದ ಐದು ವಿಜ್ಞಾನಕ್ಕಲ್ಲ. ದುಡ್ಡು ಕೊಡುವವರು ಗಾಜಿನಾಚೆ ನಿಂತು, ಜಾತಿ ಎಂಬ ಮಾತೆತ್ತದೆ, ಮೆಲ್ಲಗೆ ಕೇಳುತ್ತಾರೆ: ಯಾರದಿದು? ಯಾವ ಪೈಕಿ? ಪೂರ್ತಿ ಹೋಗ್ತದಲ್ಲ? ಆವತ್ತೂ ಒಬ್ಬಾಕೆ ಕೇಳಿದಳು. “ಪೂರ್ತಿ ಹೋಗ್ತದ್ರೀ,” ಎಂದಳು ನೀಲಾವತಿ, ದಿನಾ ಹೇಳುವ ಹಾಗೆ. ಆಕೆ ಸಮಾಧಾನದಿಂದ ಉಸಿರು ಬಿಟ್ಟಳು. ಜಾಡಿಯಲ್ಲಿದ್ದದ್ದು ಕ್ವಾರಿಯ ಹೆಂಗಸೊಬ್ಬಳು ಮಳೆಗಾಲದುದ್ದಕ್ಕೂ ಹೊತ್ತ ಕಲ್ಲು. ನೀಲಾವತಿ ಐದನೆಯ ದ್ರಾವಣ ಸುರಿದು, ಕೈಗವಸು ಬಿಚ್ಚಿ ಎಸೆದು, ಆಟೋ ಹತ್ತಿದಳು.

ಗಂಜಿನಲ್ಲಿ ಭತ್ತದ ಧೂಳು ಎದ್ದಿತ್ತು. ಅಂಗಡಿಯೊಂದರ ಕಟ್ಟೆಯ ನೆರಳಲ್ಲಿ ಹುಲಿಗೆಪ್ಪ ಗೋಣಿಯ ಮೇಲೆ ಕೂತು, ದಬ್ಬಣಕ್ಕೆ ಸುತಳಿ ಪೋಣಿಸಿ, ತುಂಬಿದ ಚೀಲಗಳ ಬಾಯಿ ಹೊಲಿಯುತ್ತಿದ್ದ. ಬಲಗಡೆ ಒರಗಿ ಕೂರಲು ಆಗದೆ ಎಡಕ್ಕೆ ವಾಲಿದ್ದ.

“ಏನ್ರಪಾ ದರ್ಜಿ ಸಾಹೇಬ್ರ,” ಎಂದ ಮೌಲಾಸಾಬ, ಚೀಲ ಇಳಿಸಿ ಬಂದು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ. ಹಮಾಲರ ಆ ಗುಂಪಿನ, ಆ ಟೋಳಿಯ, ಹಿರಿಯ ಅವನು. “ನಂದೊಂದು ಅಂಗಿ ಹೊಲೀತೀರೇನು ಹಬ್ಬಕ್ಕ?”

“ನಿನ್ನ ಹೊಟ್ಟಿ ಅಳತಿಗೆ ಅರಿವಿ ಸಿಗಂಗಿಲ್ಲ ಕಾಕಾ. ಚೀಲನಾ ಕತ್ತರಿಸಬೇಕು.”

“ಕತ್ತರಿಸೋ ಮಗನ. ಕುಂತಲ್ಲೇ ಕುಂತು ನಾಲಿಗಿ ಬ್ಯಾರೆ ಬೆಳದೈತಿ ನಿನಗ.”

ಟೋಳಿಯವರು ನಕ್ಕರು. ಆ ಗಂಜಿನ ಹಮಾಲರಲ್ಲಿ ಒಂದು ನಡೆ ಇದೆ. ಯಾವ ಕಾನೂನೂ ಬರೆದುಕೊಟ್ಟದ್ದಲ್ಲ. ಮೈಗೆ ಕತ್ತಿ ಬಿದ್ದು ಬಂದವನ ಬೆನ್ನಿಗೆ ಟೋಳಿ ಚೀಲ ಕೊಡುವುದಿಲ್ಲ. ಅವನು ಹೊಲಿಯುತ್ತಾನೆ, ಗೂಡಿಸುತ್ತಾನೆ, ಚಹಾ ತರುತ್ತಾನೆ. ಸಂಜೆ ಪಾಲು ಹಾಕುವಾಗ ಅವನಿಗೂ ಎಲ್ಲರಷ್ಟೇ. ಎಂದು ಮತ್ತೆ ಹೊರಬೇಕು ಎಂಬುದನ್ನು ಅವನು ತೀರ್ಮಾನಿಸುವಂತಿಲ್ಲ. ಅವಸರಪಟ್ಟು ಬೆನ್ನು ಕೊಟ್ಟರೂ ಯಾರೂ ಎತ್ತಿಡುವುದಿಲ್ಲ. ಹಸಿವನ್ನು ಲೆಕ್ಕಕ್ಕೆ ಹಿಡಿದ ಡಾಕ್ಟರು ಇದನ್ನು ಹಿಡಿದಿರಲಿಲ್ಲ. ಹಿಡಿಯಲು ಅವರಿಗೆ ಇಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ.

ನೀಲಾವತಿ ಕಟ್ಟೆಯ ಬಳಿ ಬಂದು, ಕಲಿತುಕೊಂಡು ಬಂದ ಮಾತನ್ನು ಒಪ್ಪಿಸಿದಳು. “ಅಣ್ಣಾ, ಆಸ್ಪತ್ರಿಯಿಂದ ಬಂದೀನಿ. ನೀವು ಇನ್ಮ್ಯಾಲೆ ಚೀಲ ಹೊರಬೇಕಂತ. ವ್ಯಾಯಾಮ ಆಗ್ತದಂತ ಡಾಕ್ಟ್ರು ಹೇಳ್ಯಾರ.”

ಮೌಲಾಸಾಬ ಮೊದಲು ನಕ್ಕ. “ಭತ್ತದ ಚೀಲ ವ್ಯಾಯಾಮ ಆತೇನು? ಹಂಗಾದ್ರ ನಮ್ಮ ಗಂಜ್ ತುಂಬ ಪೈಲ್ವಾನರಾ ಅದೀವಿ ಬಿಡವ್ವ.” ಆಮೇಲೆ ನಗು ನಿಲ್ಲಿಸಿದ. “ತಡಿ ತಡಿ. ನಂಗ ಹರ್ನಿಯಾ ಕುಯ್ದಾಗ ನೀರಿನ ಕೊಡ ಎತ್ತಿದ್ರ ಡಾಕ್ಟ್ರು ಬಾಯಿಗೆ ಬಂದಂಗ ಬೈದಿದ್ದ. ನೀವು ಸೊಂಟ ಕುಯ್ದಾವ್ರು, ಚೀಲ ಹೊರು ಅಂತೀರಿ. ಯಾವೂರ ಡಾಕ್ಟ್ರವ್ವ ನಿಮ್ಮಾವ?”

ನೀಲಾವತಿ ಚೆಲ್ಲಿದ ಭತ್ತದ ಕಡೆ ಕಣ್ಣಿಳಿಸಿದಳು.

ಚೆಲ್ಲಿದ ಭತ್ತ ಗೂಡಿಸುತ್ತಿದ್ದ ಹುಲಿಗೆಪ್ಪನ ಹೆಂಡತಿ ಪಾರವ್ವ ಕಸಬರಿಗೆಯನ್ನು ಹಿಡಿದುಕೊಂಡೇ ಎದ್ದು ಬಂದಳು. “ಏ ತಂಗಿ, ನೆಲ ಏನ್ ನೋಡ್ತಿ? ನನ್ನ ಮಾರಿ ನೋಡಿ ಹೇಳು. ರಾತ್ರಿ ಮಗ್ಗಲಾದ್ರ ಅಯ್ಯೋ ಅಂತಾನ. ಮುಟ್ಟಿದ್ರ ಒಳಗ ಗೂಟ ಬಡದಂಗ ಐತಿ. ಏನ್ ಇಟ್ಟೀರಿ ಇವನ ಮೈಯಾಗ?”

“ಪಟ್ಟಿ...”

“ಪಟ್ಟಿ ಹಾಕಿಸ್ಕೊಂಡು ನಿಮ್ಮಪ್ಪ ಚೀಲ ಹೊತ್ತಾನೇನು?”

ಹಾಗೆ ಬೈಸಿಕೊಂಡ ಮೇಲೆ, ಬೆಳಿಗ್ಗೆಯಷ್ಟೇ “ಪೂರ್ತಿ ಹೋಗ್ತದ್ರೀ” ಎಂದಿದ್ದ ಅದೇ ನಾಲಿಗೆ ಇನ್ನೊಂದು ಸುಳ್ಳಿಗೆ ಹೊರಳಲಿಲ್ಲ. ನೀಲಾವತಿ ಕಟ್ಟೆಯ ಮೇಲೆ ಕೂತಳು. ಹೇಳಿದಳು. ಸೂಜಿಯಲ್ಲಿ ಎಳೆದದ್ದು ಏನು, ಒಳಗೆ ಕೂರಿಸಿದ್ದು ಯಾರಿಗೆ, ಅದು ಯಾಕೆ ಭಾರ ಬೇಡುತ್ತದೆ, ಬಲಿತ ಮೇಲೆ ಬಿಚ್ಚುವಾಗ ಅವನ ಸ್ವಂತ ಸೊಂಟದ ಮೂಳೆಯ ಒಂದು ಚಕ್ಕೆಯೂ ಅದರ ಜೊತೆ ಎದ್ದು ಬರುತ್ತದೆ ಎಂಬುದನ್ನೂ ಹೇಳಿದಳು. ಸುತ್ತ ನಿಂತ ಹಮಾಲರು ಚೀಲ ಎತ್ತುವ ಕೊಕ್ಕೆಗಳನ್ನು ಕೈಯಲ್ಲಿ ಹಿಡಿದಂತೆಯೇ ಕೇಳಿದರು. ಲಾರಿಯವನು ಹಾರ್ನ್ ಹೊಡೆದ. ಯಾರೂ ಹೋಗಲಿಲ್ಲ.

ಹುಲಿಗೆಪ್ಪ ಅಂಗಿಯೊಳಗೆ ಕೈ ಹಾಕಿ ಹೊಲಿಗೆಯ ಜಾಗವನ್ನು ಮುಟ್ಟಿಕೊಂಡ. ಅಂಗೈಯಷ್ಟುದ್ದ ಏನೋ ಇತ್ತು, ತನ್ನದಲ್ಲದ್ದು, ತನ್ನಿಂದಲೇ ಆದದ್ದು.

“ಹೊಲಕ್ಕ ಬಿತ್ತಬೇಕಂದ್ರೂ ಹೊಲದಾವನ್ನ ಒಂದು ಮಾತು ಕೇಳ್ತಾರ,” ಎಂದಳು ಪಾರವ್ವ. ಅವಳ ದನಿ ಇಳಿದಿತ್ತು. ದನಿ ಇಳಿದಷ್ಟೂ ಅವಳ ಸಿಟ್ಟು ಏರುತ್ತದೆಂದು ಗೊತ್ತಿದ್ದ ಮೌಲಾಸಾಬ ಅವಳ ಕೈಯಿಂದ ಕಸಬರಿಗೆಯನ್ನು ಮೆಲ್ಲಗೆ ತೆಗೆದುಕೊಂಡ.

“ಆ ಹುಡುಗಿ ಖರೇನಾ ಅದಾಳ?” ಎಂದು ಕೇಳಿದ ಹುಲಿಗೆಪ್ಪ.

“ಅದಾಳಣ್ಣ. ನಾ ನೋಡೀನಿ. ಗಾಲಿ ಕುರ್ಚಿ ಮ್ಯಾಲೆ ಕುಂತು ಚಿತ್ರ ಬರೀತಿರ್ತಾಳ.”

ನೀಲಾವತಿ ಸುಳ್ಳು ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಆ ಸಂಜೆ ಹಮಾಲರ ಕಾಲೊನಿಯ ಒಂದೇ ಕೋಣೆಯ ಮನೆಯಲ್ಲಿ ಪಾರವ್ವ ರೊಟ್ಟಿ ಬಡಿದ ಸದ್ದು ಮೂರು ಮನೆಯಾಚೆ ಕೇಳಿತು. ಹಿಟ್ಟಿನ ಮೇಲೆ ಅವಳು ಯಾರನ್ನು ಬಡಿಯುತ್ತಿದ್ದಾಳೆಂದು ಹುಲಿಗೆಪ್ಪನಿಗೆ ಗೊತ್ತಿತ್ತು.

“ಆ ಕೂಸಿಂದೇನು ತಪ್ಪೈತಿ?” ಎಂದ.

“ಆಕಿದಿಲ್ಲ.”

“ನಾ ಹೊರಲಿಲ್ಲಂದ್ರ ಆಕಿ ಕಾಲು ಹೋಗ್ತೈತಂತ.”

“ಕೇಳ್ದೆ. ನಿನಗ ಹಂಗ ಅನ್ನಿಸಲಿ ಅಂತನಾ ಹೇಳಿ ಕಳಿಸಿರ್ತಾರ. ಕಳವು ಮಾಡಿದಾವ್ರು ಫ್ಯಾನಿನ ಬುಡಕ ಕುಂತಾರ. ಪಾಪ ಬರಾಂಗಿದ್ರ ನಿನಗ ಬರಬೇಕು. ನಾಳೆ ಚೀಲ ಹೊತ್ತು ನೀ ಬಿದ್ರ, ಆ ಹುಡುಗಿ ಅಪ್ಪ ಬಂದು ನಿನ್ನ ಎತ್ತತಾನೇನು? ನಿನ್ನ ಹೆಸ್ರರ ಗೊತ್ತೈತೇನು ಅವಂಗ?”

ಹುಲಿಗೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಅಷ್ಟ ಆಗಲಿ,” ಎಂದ. “ಅವ ಬಂದು ಕೇಳಲಿ. ನಮ್ಮ ಮನಿಗೆ ಬಂದು, ಇಲ್ಲಿ ಕುಂತು, ಹುಲಿಗೆಪ್ಪ, ನನ್ನ ಮಗಳಿಗೆ ಬೇಕಾಗೈತಿ ಅನ್ನಲಿ. ಹೊರ್ತೀನಿ. ಟೋಳಿಯವ್ರು ಬ್ಯಾಡಂದ್ರೂ ಕಾಲು ಹಿಡಿದು ಹೊರ್ತೀನಿ. ಸೊಂಟದ ಚಕ್ಕಿ ಹೋದ್ರ ಹೋಗಲಿ.”

ಪಾರವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. “ಉಣ್ಣು,” ಎಂದಳು.

ಗಂಜಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ ಎಂದು ನೀಲಾವತಿ ಮರುದಿನ ಡಾಕ್ಟರ ಮುಂದೆ ಒಪ್ಪಿಕೊಂಡಳು. ಕಂಪನಿಯೇ ಜೀಪು ಕಳಿಸಿತು. ಒಬ್ಬನನ್ನು ಕರೆಯಲು ಬಂದ ಜೀಪಿನಲ್ಲಿ ಮೌಲಾಸಾಬ, ಪಾರವ್ವ, ಟೋಳಿಯ ಇನ್ನೂ ನಾಲ್ವರು ಹತ್ತಿ ಕೂತರು. ಗಾಜಿನ ಕಟ್ಟಡದ ಕಾವಲುಗಾರ ತಡೆಯಲು ಕೈಯೆತ್ತಿದ. ಆ ಭುಜಗಳನ್ನು ನೋಡಿ ಕೈಯಿಳಿಸಿದ.

ಕೋಣೆಯ ನಡುವೆ, ನಿಂತಲ್ಲೇ ನಡೆಸುವ, ಓಡುವ ಪಟ್ಟಿಯ ಯಂತ್ರವಿತ್ತು. ಪಕ್ಕದಲ್ಲಿ ಸೀಸದ ತುಂಡುಗಳನ್ನು ಹೊಲಿದ ಜಾಕೆಟ್. ಗೋಡೆಯ ಪರದೆಯಲ್ಲಿ ತಾಣ ನಾಲ್ಕು. ನೀಲಾವತಿ ಅದರ ಮುಂದೆ ನಿಂತಿದ್ದಳು. ಡಾಕ್ಟರ್ ಸುಜಯೀಂದ್ರ ಮೊಬೈಲಿನಲ್ಲಿ ಹುಡುಗಿಯ ಫೋಟೋ ತೋರಿಸಿದರು. ಎರಡು ಜಡೆ, ತೊಡೆಯ ಮೇಲೆ ಡ್ರಾಯಿಂಗ್ ಹಾಳೆ.

“ಎಲ್ಲಾ ಗೊತ್ತಾಗ್ಯದಂತಲ್ಲ ನಿನಗ. ಛಲೋ ಆತು. ಈಗ ಜಾಕೆಟ್ ಹಾಕ್ಕೊಂಡು ದಿನಾ ಇಲ್ಲೇ ನಡದ್ರ ಆತು. ಒಂದು ಜೀವಕ್ಕ ಕಾಲು ಕೊಟ್ಟಂಗ ಆಗ್ತದ, ಪುಣ್ಯದ ಕೆಲಸ.”

“ಕೊಡ್ತೀನ್ರೀ,” ಎಂದ ಹುಲಿಗೆಪ್ಪ.

ಡಾಕ್ಟರ ಮುಖ ಅರಳಿತು. ನೀಲಾವತಿ ತಲೆಯೆತ್ತಿದಳು.

“ಆ ಹುಡುಗಿ ಅಪ್ಪನ್ನ ಕರಸ್ರಿ. ಅವ ನನ್ನ ಕೇಳಲಿ.”

“ಅದೆಲ್ಲಾ ಆಗಂಗಿಲ್ಲಪ್ಪ. ಅವರಿಗೆ ನಿನ್ನ ವಿಷಯ ತಿಳಿಸಂಗಿಲ್ಲ.”

“ಯಾಕ್ರೀ?”

“ನಿಯಮ.”

“ಯಾರು ಮಾಡಿದ ನಿಯಮಾರೀ?”

ಡಾಕ್ಟರು ನೀಲಾವತಿಯ ಕಡೆ ನೋಡಿದರು, ಜಾಕೆಟ್ ತೊಡಿಸು ಎನ್ನುವಂತೆ. ಅವಳು ಕದಲದೆ ಹೇಳಿದಳು: “ಎಲ್ಲಾರೂ ಕೇಳ್ತಾರಣ್ಣ, ಯಾವ ಪೈಕಿ ಅಂತ. ಅವರಪ್ಪನೂ ಕೇಳ್ಯಾನ. ಗುರುತ ಸಿಗದಂಗ ತೊಳೀತೀವಿ ಅಂತ ಹೇಳಿದ ಮ್ಯಾಲೆ ದುಡ್ಡು ಕಟ್ಯಾನ. ನಿಮ್ಮನ್ನ ಕಂಡ್ರ ಬ್ಯಾಡ ಅಂದಾನು ಅಂತ ಇವರಿಗೆ ಹೆದರಿಕಿ.”

“ನೀಲಾವತಿ!”

ಹುಲಿಗೆಪ್ಪ ಫೋಟೋವನ್ನು ಇನ್ನೊಮ್ಮೆ ನೋಡಿದ. ಹುಡುಗಿ ಏನೋ ಹಸಿರು ಬಣ್ಣ ಹಚ್ಚುತ್ತಿದ್ದಳು. “ಮಗಳ ಕಾಲಿಗಿಂತ ಅದು ದೊಡ್ಡದಾತೇನು ಅವಂಗ?” ಎಂದ. “ಹೋಗಿ ಅವನ್ನ ಕೇಳ್ರಿ ಹಂಗಂತ. ಬಂದ್ರ ಇವತ್ತಿಂದನಾ ಹೊರ್ತೀನಿ. ಬರಲಿಲ್ಲಂದ್ರ ಈ ಜಾಕೆಟ್ ಅವನ ಮೈಗೆ ಹಾಕ್ರಿ.”

ಡಾಕ್ಟರು ಮೊಬೈಲನ್ನು ಜೇಬಿಗಿಟ್ಟು ನಕ್ಕರು. ಗೆದ್ದವರ ನಗು.

“ಬ್ಯಾಡ ಬಿಡು. ಜಾಕೆಟ್ ಬ್ಯಾಡ, ಚೀಲ ಬ್ಯಾಡ. ಮನಿಗೆ ನಡಕೋತ ಹೋಗು. ಏಳ್ತೀ, ಅಡ್ಡಾಡ್ತೀ, ಸಂಡಾಸಕ್ಕ ಹೋಗ್ತೀ, ಅಷ್ಟೂ ಭಾರ ಬೀಳ್ತದ ಅದರ ಮ್ಯಾಲೆ. ತಡಾ ಆಗ್ತದ, ಆದ್ರ ಬಲೀತದ. ನೀ ಒಲ್ಲೆ ಅಂದ್ರೂ ನಿನ್ನ ಮೈ ಒಲ್ಲೆ ಅನ್ನಂಗಿಲ್ಲ. ಅದು ವಿಜ್ಞಾನ.”

ಪರದೆಯಲ್ಲಿ ಗೆರೆ ಸಣ್ಣಗೆ ಉಬ್ಬಿತ್ತು. ಅವನು ನಿಂತ ಭಾರ ಅದು. ಇಷ್ಟು ಹೊತ್ತು ಮಾತಾಡುತ್ತಾ ನಿಂತೇ ತಾನು ಅವರಿಗೆ ಕೆಲಸ ಮಾಡಿಕೊಡುತ್ತಿದ್ದೇನೆ ಎಂದು ಹುಲಿಗೆಪ್ಪನಿಗೆ ಆಗ ತಿಳಿಯಿತು. ಉಸಿರಾಡುವಷ್ಟು ಸಹಜವಾಗಿ, ಕೂಲಿಯಿಲ್ಲದೆ, ಕೇಳದೆ.

ಅವನು ಮೊಣಕಾಲು ಮಡಿಸಿ, ಎಡಗೈ ಊರಿ, ಹೊಳೆಯುವ ನೆಲದ ಮೇಲೆ ಮಲಗಿಬಿಟ್ಟ.

ಗೆರೆ ಇಳಿಯಿತು.

“ಏಳು,” ಎಂದರು ಡಾಕ್ಟರು.

ಹುಲಿಗೆಪ್ಪ ಚಾವಣಿ ನೋಡುತ್ತಿದ್ದ. “ಕಾಕಾ,” ಎಂದ, “ಇಲ್ಲಿಂದ ನಡಕೋತ ಹೊರಗ ಬರಂಗಿಲ್ಲ ನಾ.”

ಮೌಲಾಸಾಬ ಒಂದು ಮಾತೂ ಕೇಳಲಿಲ್ಲ. ಟವೆಲ್ಲನ್ನು ಮಡಿಸಿ ಬೆನ್ನ ಮೇಲೆ ಹಾಸಿಕೊಂಡ, ಮೊಣಕಾಲು ಸಡಿಲಿಸಿ ಬಗ್ಗಿದ. ಟೋಳಿಯ ನಾಲ್ವರು ಹುಲಿಗೆಪ್ಪನ ಕೈ ಹಿಡಿದು, ತೊಡೆ ಹಿಡಿದು, ಬಲಸೊಂಟಕ್ಕೆ ತಾಗದಂತೆ ಎತ್ತಿ ಆ ಬೆನ್ನ ಮೇಲಿಟ್ಟರು. ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ಹೊರುವುದೆಂದು ಹೇಳದೆಯೇ ಗೊತ್ತಾಯಿತು; ಕಾಲೊನಿಯವರೆಗೆ, ಸಂಡಾಸದವರೆಗೆ, ಆ ಅಪ್ಪ ಬಂದು ಬಾಗಿಲು ಬಡಿಯುವವರೆಗೆ. ಪಾರವ್ವ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದಳು. ಪರದೆಯಲ್ಲಿ ಗೆರೆ ಸೊನ್ನೆಗೆ ಹತ್ತಿಕೊಂಡು ಹರಿಯುತ್ತಿತ್ತು. ನೀಲಾವತಿ ಅದನ್ನು ನೋಡುತ್ತಾ ನಿಂತಳು, ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

“ಎಲ್ಲಿಗೆ ಒಯ್ತೀರಿ?” ಡಾಕ್ಟರ ದನಿ ಒಡೆದಿತ್ತು. “ಅವನ ಒಳಗಿರೋದು ಕಂಪನಿ ಆಸ್ತಿ! ಪೊಲೀಸರನ್ನ ಕರಸ್ತೀನಿ, ಕಳವು ಅಂತ ಕೇಸ್ ಹಾಕಸ್ತೀನಿ! ಏ ಸಾಬಾ, ನಿನಗಾ ಹೇಳೋದು. ಇಳಿಸು ಅವನ್ನ!”

ಜೀವಮಾನವೆಲ್ಲ ಎತ್ತು ಅಂದರೆ ಎತ್ತಿ, ಇಳಿಸು ಅಂದರೆ ಇಳಿಸಿದ ಮೌಲಾಸಾಬ ಬಾಗಿಲಲ್ಲಿ ನಿಂತ. ಬೆನ್ನಿನ ಭಾರವನ್ನು ಒಮ್ಮೆ ಮೇಲಕ್ಕೆ ಕುಲುಕಿ ಸರಿಮಾಡಿಕೊಂಡ.

“ಇಳಸಂಗಿಲ್ಲ,” ಎಂದ.